ಸಿಕ್ಕಿಕೊಂಡ 500ಸಿ/ಎಂ: ಬಲ ಹಾಕುವ ಮುಂಚೆ

ಶುಕ್ರವಾರ, ಜುಲೈ 12, 2024

ಇವತ್ತು ಮೇಜಿನ ಮೇಲೆ ಹ್ಯಾಸೆಲ್‌ಬ್ಲಾಡ್ 500ಸಿ/ಎಂ ಫಿಲ್ಮ್ ಕ್ಯಾಮೆರಾ, ಅದರ ಮೂತಿಗೆ 80 ಮಿ.ಮೀ. ಎಫ್/2.8 ಪ್ಲಾನರ್ ಸಿ ಲೆನ್ಸು, ಬೆನ್ನಿಗೆ ಎ12 ಮ್ಯಾಗಜೀನು, ಅಂದರೆ ಫಿಲ್ಮ್ ಇರುವ ಪೆಟ್ಟಿಗೆ. ಪಕ್ಕದ ಕ್ರ್ಯಾಂಕ್ (ತಿರುಗಿಸುವ ಹಿಡಿ) ತಿರುಗುತ್ತಿಲ್ಲ, ಕ್ಲಿಕ್ ಗುಂಡಿ ಒತ್ತಿದರೆ ಇಳಿಯುತ್ತಿಲ್ಲ, ಲೆನ್ಸು ಕಳಚುತ್ತಿಲ್ಲ. ಮೂರೂ ಒಟ್ಟಿಗೆ ಬಂದರೆ ಒಳಗೆ ಏನೋ ಮುರಿದಿದೆ ಎಂದೇ ಎಲ್ಲರ ಎಣಿಕೆ. ಬಹುತೇಕ ಏನೂ ಮುರಿದಿರುವುದಿಲ್ಲ. ಮುರಿಯುವುದು ಆಮೇಲೆ, ಕ್ರ್ಯಾಂಕಿಗೆ ಬಲ ಹಾಕಿದಾಗ.

ಈ ಕ್ಯಾಮೆರಾದ ಹುಟ್ಟಿನಲ್ಲೇ ಈ ತೊಡಕಿನ ಮೂಲವಿದೆ. ಗೋಟೆನ್‌ಬರ್ಗ್‌ನಿಂದ 1948ರಲ್ಲಿ ಬಂದ 1600ಎಫ್‌ನಲ್ಲಿ ಶಟರ್, ಅಂದರೆ ಫಿಲ್ಮಿಗೆ ಬೆಳಕು ಬಿಡುವ ಬಾಗಿಲು, ಬಾಡಿಯೊಳಗೇ ಇತ್ತು. 1957ರ 500ಸಿಯಲ್ಲಿ ಅದನ್ನು ಲೆನ್ಸಿಗೆ ಸಾಗಿಸಿದರು, ಗರಿಷ್ಠ ವೇಗ 1/500 ಸೆಕೆಂಡು, ಹೆಸರಿನಲ್ಲಿರುವ 500 ಅದೇ. ಲೆನ್ಸಿಗೊಂದು ಸ್ಪ್ರಿಂಗು, ಬಾಡಿಗೊಂದು ಸ್ಪ್ರಿಂಗು. ಕ್ರ್ಯಾಂಕ್ ಒಂದು ಸುತ್ತು ತಿರುಗಿದರೆ ಎರಡಕ್ಕೂ ಒಟ್ಟಿಗೆ ಕೀ ಕೊಟ್ಟಂತೆ. ಎರಡನ್ನೂ ಜೋಡಿಸುವುದು ಒಂದು ಪುಟ್ಟ ಶಾಫ್ಟು. ಒಂದಕ್ಕೆ ಕೀ ಕೊಟ್ಟಿದ್ದು ಇನ್ನೊಂದರದು ಬಿಚ್ಚಿಕೊಂಡಿದ್ದರೆ ಕ್ಯಾಮೆರಾ ಸಿಕ್ಕಿಕೊಳ್ಳುತ್ತದೆ. ಲೆನ್ಸು ಕಳಚದಿರುವುದಕ್ಕೂ ಇದೇ ಕಾರಣ: ಶಾಫ್ಟು ಅಡ್ಡಾದಿಡ್ಡಿ ನಿಂತಿರುವಾಗ ಬಯೋನೆಟ್ (ಲೆನ್ಸನ್ನು ತಿರುಗಿಸಿ ಕೂರಿಸುವ ಹಿಡಿತ) ತಿರುಗಲು ಜಾಗವೇ ಇರುವುದಿಲ್ಲ.

ಸ್ಕ್ರೂಡ್ರೈವರ್ ಹಿಡಿಯುವ ಮುಂಚೆ ಸುಳ್ಳು ಜಾಮ್‌ಗಳನ್ನು ತಳ್ಳಿಹಾಕಬೇಕು. ಡಾರ್ಕ್ ಸ್ಲೈಡ್ (ಮ್ಯಾಗಜೀನಿನ ಫಿಲ್ಮಿಗೆ ಬೆಳಕು ತಾಗದಂತೆ ಮುಚ್ಚುವ ತಗಡು) ಒಳಗಿದ್ದರೆ ಗುಂಡಿ ಇಳಿಯುವುದಿಲ್ಲ. ಇದು ದೋಷವಲ್ಲ, ಬೇಕೆಂದೇ ಮಾಡಿದ ಬೀಗ. ರೋಲ್‌ನ 12ನೇ ಚಿತ್ರ ಮುಗಿದಿದ್ದರೂ ಹಾಗೆಯೇ. ಫೈಂಡರಿಗೆ (ದೃಶ್ಯ ನೋಡುವ ಭಾಗಕ್ಕೆ) ಬೆಳಕು ಕಳಿಸುವ ಕನ್ನಡಿಯನ್ನು ಮೊದಲೇ ಎತ್ತುವ ಲಿವರ್ ಯಾರದೋ ಕೈಗೆ ತಗುಲಿ ಫೈಂಡರ್ ಕಪ್ಪಾಗಿದ್ದರೆ ಅದೂ ಜಾಮ್ ಅಲ್ಲ. ಆ ಸ್ಥಿತಿಯಿಂದ ಹಿಂದಕ್ಕೆ ದಾರಿ ಇಲ್ಲ, ಒಂದು ಕ್ಲಿಕ್ ಮಾಡಿಯೇ ಹೊರಬರಬೇಕು. ಫ್ರೇಮ್ ಉಳಿಸಬೇಕಾದರೆ ಸ್ಲೈಡ್ ಹಾಕಿ ಮ್ಯಾಗಜೀನ್ ತೆಗೆದು, ಬಾಡಿಯನ್ನು ಖಾಲಿ ಕ್ಲಿಕ್ ಮಾಡಿ, ಕೀ ಕೊಟ್ಟು ಮತ್ತೆ ಜೋಡಿಸಿದರಾಯಿತು.

ಇನ್ನೊಂದು, ಹಳೆಯ ಸಿ ಲೆನ್ಸಿನ ಎಂ, ಎಕ್ಸ್, ವಿ ಗುರುತಿನ ಲಿವರ್. ವಿ ಅಂದರೆ ಸೆಲ್ಫ್ ಟೈಮರ್. ದಶಕಗಳ ಗ್ರೀಸ್ ಒಣಗಿ ಆ ಗಡಿಯಾರ ಅರ್ಧದಲ್ಲಿ ನಿಂತರೆ ಇಡೀ ಕ್ಯಾಮೆರಾ ನಿಂತಂತೆ ಕಾಣುತ್ತದೆ. ಲಿವರ್‌ಗೆ ಎಕ್ಸ್ ಕಡೆಗೆ ಬೆರಳಿನಿಂದ ಮೆತ್ತಗೆ ಒತ್ತಾಸೆ ಕೊಟ್ಟರೆ ಕೆಲವೊಮ್ಮೆ ಕರ್‌ರ್ ಎಂದು ಓಡಿ ಮುಗಿಸುತ್ತದೆ. ಹಳೆಯ ಲೆನ್ಸಿನಲ್ಲಿ ವಿ ಇದೆ ಎಂಬುದನ್ನೇ ಮರೆಯುವುದು ಒಳ್ಳೆಯದು. ಕೇಬಲ್ ರಿಲೀಸ್ ಇದ್ದರೆ ಸಾಕು.

ಇವತ್ತಿನದು ಇವು ಯಾವುವೂ ಅಲ್ಲ. ಮುಂದಿನಿಂದ ಲೆನ್ಸಿನೊಳಗೆ ನೋಡಿದರೆ ಶಟರ್ ಎಲೆಗಳು ಮುಚ್ಚಿವೆ. ಕೀ ಕೊಟ್ಟ ಲೆನ್ಸಿನಲ್ಲಿ ಎಲೆಗಳು ತೆರೆದಿರುತ್ತವೆ, ಇಲ್ಲದಿದ್ದರೆ ಫೈಂಡರ್‌ಗೆ ಬೆಳಕೆಲ್ಲಿಂದ ಬರಬೇಕು? ಮೇಲಿನ ಹುಡ್ ಜಾರಿಸಿ, ಬಿಂಬ ಮೂಡುವ ಫೋಕಸಿಂಗ್ ಸ್ಕ್ರೀನ್ ಎತ್ತಿ ನೋಡಿದರೆ ಕನ್ನಡಿ ಕೆಳಗಿದೆ. (500ಸಿ/ಎಂನಲ್ಲಿ ಸ್ಕ್ರೀನ್ ಕೈಯಲ್ಲೇ ತೆಗೆಯಬಹುದು. ಅದರ ಮೇಲ್ಮೈ ಮುಟ್ಟಬಾರದು, ಅಂಚು ಹಿಡಿಯಬೇಕು.) ಕ್ಲಿಕ್ ಆದಮೇಲೆ ಕೀ ಕೊಡುವ ತನಕ ಕನ್ನಡಿ ಮೇಲೇ ಇರುತ್ತದೆ. ಇಲ್ಲಿ ಕನ್ನಡಿ ಕೆಳಗೆ, ಎಲೆಗಳು ಮುಚ್ಚಿವೆ: ಬಾಡಿಗೆ ಕೀ ಕೊಟ್ಟಾಗಿದೆ, ಲೆನ್ಸಿನದು ಬಿಚ್ಚಿಕೊಂಡಿದೆ. ಪಕ್ಕಾ ಜಾಮ್.

ಬಿಡಿಸುವ ಕ್ರಮ ಹೀಗೆ. ಮೊದಲು ಡಾರ್ಕ್ ಸ್ಲೈಡ್ ಪೂರ್ತಿ ತಳಮಟ್ಟ ಒಳಗೆ. ಅದಿಲ್ಲದೆ ಮ್ಯಾಗಜೀನ್ ಕಳಚುವುದೂ ಇಲ್ಲ. ಮ್ಯಾಗಜೀನ್ ತೆಗೆದರೆ ಹಿಂಬದಿಯಲ್ಲಿ ಮೇಲೊಂದು ಕೆಳಗೊಂದು ಕದ ಕಾಣುತ್ತವೆ, ಸಹಾಯಕ ಶಟರ್ ಅಂದರೆ ಇವೇ. ಮುಚ್ಚಿದ್ದರೆ ಬೆರಳಿನಿಂದ ಮೆಲ್ಲಗೆ ಒಳಕ್ಕೆ ತಳ್ಳಿ ಹಿಡಿಯಬೇಕು. ತೆಳು ಲೋಹ, ಬಾಗಿದರೆ ಆಮೇಲೆ ಬೆಳಕು ಸೋರುತ್ತದೆ. ಒಳಗೆ ಟಾರ್ಚ್ ಬಿಟ್ಟರೆ ಕೆಳಭಾಗದಲ್ಲಿ, ಲೆನ್ಸಿನ ಕಡೆಗೆ, ಸ್ಕ್ರೂ ತಲೆಯಂತೆ ಸೀಳಿರುವ ಶಾಫ್ಟಿನ ತುದಿ ಕಾಣುತ್ತದೆ. ಅದಕ್ಕೆ ಚಪ್ಪಟೆ ಮೂತಿಯ ಸ್ಕ್ರೂಡ್ರೈವರ್, ಹಿಡಿ ಬಿಟ್ಟು ಕಡ್ಡಿಯೇ ಕನಿಷ್ಠ 10 ಸೆಂ.ಮೀ. ಉದ್ದವಿರಬೇಕು. ಮೂತಿ ಸೀಳಿನ ಅಗಲ ತುಂಬುವಂತಿರಲಿ. ಚಿಕ್ಕದಾದರೆ ಜಾರಿ ಸೀಳಿನ ಅಂಚು ತಿಂದುಹಾಕುತ್ತದೆ, ಅಲ್ಲಿಂದ ಮುಂದೆ ನಿಜವಾದ ರಿಪೇರಿಯೇ. ಕಡ್ಡಿಗೆ ಎರಡು ಸುತ್ತು ಪೇಪರ್ ಟೇಪ್ ಸುತ್ತಿದರೆ ಕನ್ನಡಿಯ ಬೆನ್ನಿಗೆ, ಕದಗಳಿಗೆ ಗೀರು ಬೀಳುವುದಿಲ್ಲ. ಕ್ಯಾಮೆರಾ ಮೂತಿ ಕೆಳಗೆ ಮಾಡಿ, ದಪ್ಪ ಬಟ್ಟೆಯ ಮೇಲೆ ನಿಲ್ಲಿಸಿದರೆ ಎರಡೂ ಕೈ ಬಿಡುವಾಗುತ್ತವೆ.

ಗಡಿಯಾರದ ಮುಳ್ಳು ತಿರುಗುವ ದಿಕ್ಕಿಗೇ ತಿರುಗಿಸಬೇಕು. ಸ್ಪ್ರಿಂಗಿನ ಎದುರಾಟ ಕೈಗೆ ತಿಳಿಯುತ್ತದೆ, ಸಮನಾಗಿ ಹೆಚ್ಚುತ್ತಾ ಹೋಗುತ್ತದೆ. ಒಂದು ಪೂರ್ಣ ಸುತ್ತು ಆಗುವ ಮುಂಚೆಯೇ ಟಕ್ ಎಂದು ಕೂರುತ್ತದೆ, ಮುಂದೆ ಎಲೆಗಳು ತೆರೆದುಕೊಳ್ಳುತ್ತವೆ. ಅಷ್ಟೇ, ಅಲ್ಲಿಗೇ ನಿಲ್ಲಿಸಬೇಕು. ಅರ್ಧದಲ್ಲಿ ಕೈ ಬಿಟ್ಟರೆ ಸ್ಪ್ರಿಂಗ್ ಸ್ಕ್ರೂಡ್ರೈವರನ್ನೇ ಎಳೆದುಕೊಂಡು ವಾಪಸ್ ತಿರುಗುತ್ತದೆ. ಎದುರಾಟ ಸ್ಪ್ರಿಂಗಿನಂತಿರದೆ ಗೋಡೆಗೆ ಒತ್ತಿದಂತಿದ್ದರೆ ಕೈ ತೆಗೆದು, ಮೆಕ್ಯಾನಿಕ್ ಹತ್ತಿರ ಕೊಡುವುದೇ ಸರಿ.

ಇವತ್ತು ಟಕ್ ಎಂದಿತು. ಲೆನ್ಸಿನ ಗುಂಡಿ ಒತ್ತಿ ತಿರುಗಿಸಿದರೆ ಬೆಣ್ಣೆಯಂತೆ ಕಳಚಿ ಬಂತು.

ಕಳಚಿದ ಮೇಲೆ ಎರಡನ್ನೂ ಬೇರೆಬೇರೆ ನೋಡಬೇಕು. ಲೆನ್ಸಿನ ಹಿಂಭಾಗದಲ್ಲಿ ಶಾಫ್ಟಿನ ಸೀಳು ಪಕ್ಕದ ಕೆಂಪು ಚುಕ್ಕೆಗೆ ನೇರ ನಿಂತಿದ್ದರೆ ಕೀ ಕೊಟ್ಟಿದೆ ಎಂದರ್ಥ. ಇಲ್ಲವಾದರೆ ಒಂದು ನಾಣ್ಯವನ್ನು ಸೀಳಿಗೆ ಇಟ್ಟು ಅದೇ ದಿಕ್ಕಿಗೆ ತಿರುಗಿಸಿದರೆ ಚುಕ್ಕೆಗೆ ಬಂದು ಕೂರುತ್ತದೆ. ಬಾಡಿಯ ಕ್ರ್ಯಾಂಕ್ ಕೊನೆಯವರೆಗೆ ತಿರುಗಿರಬೇಕು, ಕನ್ನಡಿ ಕೆಳಗಿರಬೇಕು, ಹಿಂದಿನ ಕದ ಮುಚ್ಚಿರಬೇಕು. ಎರಡೂ ಹೀಗಿದ್ದಾಗ ಮಾತ್ರ ಜೋಡಿಸುವುದು. ಜೋಡಿಸುವಾಗ ಎಲ್ಲಾದರೂ ಬಿಗಿ ಅನ್ನಿಸಿದರೆ ಸೀಳು ಮತ್ತೆ ತಪ್ಪಿದೆ ಎಂದೇ ಲೆಕ್ಕ.

ಸಿಕ್ಕಿಕೊಳ್ಳುವುದು ಯಾಕೆ ಎಂದರೆ, ಮೊದಲನೆಯ ಕಾರಣ, ಹತ್ತಿರದಿಂದ ತೆಗೆಯಲು ಲೆನ್ಸಿಗೂ ಬಾಡಿಗೂ ನಡುವೆ ಹಾಕುವ ಎಕ್ಸ್‌ಟೆನ್ಷನ್ ಟ್ಯೂಬು. ಟ್ಯೂಬಿನೊಳಗೂ ಇದೇ ಶಾಫ್ಟಿನ ಒಂದು ತುಂಡಿದೆ. ಲೆನ್ಸು-ಟ್ಯೂಬು ಎರಡನ್ನೂ ಒಟ್ಟಿಗೆ ಬಾಡಿಯಿಂದ ಎಳೆದರೆ ಲೆನ್ಸಿನ ಸ್ಪ್ರಿಂಗ್ ಬಿಚ್ಚಿಕೊಳ್ಳುವ ಅಪಾಯ. ಜೋಡಿಸುವಾಗ ಬಾಡಿಗೆ ಟ್ಯೂಬು, ಟ್ಯೂಬಿಗೆ ಲೆನ್ಸು. ಕಳಚುವಾಗ ಮೊದಲು ಲೆನ್ಸು, ಆಮೇಲೆ ಟ್ಯೂಬು. ಎರಡನೆಯದು ಅರ್ಧ ಸುತ್ತಿಗೇ ನಿಲ್ಲಿಸುವ ಕ್ರ್ಯಾಂಕ್. ಮೂರನೆಯದು, ಸ್ಪ್ರಿಂಗ್ ದಣಿಯುತ್ತದೆ ಎಂದು ಕಳಚಿಟ್ಟ ಲೆನ್ಸನ್ನು ಹಿಂದಿನಿಂದ ಕ್ಲಿಕ್ ಮಾಡಿ ಸ್ಪ್ರಿಂಗ್ ಬಿಡಿಸಿಡುವ ಅಭ್ಯಾಸ. ಬೇರೆ ಕ್ಯಾಮೆರಾಗಳಲ್ಲಿ ಇದು ಒಳ್ಳೆಯ ಬುದ್ಧಿಯಿರಬಹುದು, ಇಲ್ಲಿ ಮುಂದಿನ ಜಾಮ್‌ಗೆ ಮುಂಗಡ ಕೊಟ್ಟಂತೆ.

ನಾಲ್ಕನೆಯದು ಶಟರ್ ನಿಧಾನವಾದ ಲೆನ್ಸು. ಮ್ಯಾಗಜೀನ್ ಇಲ್ಲದೆ 1/500, 1/60, 1 ಸೆಕೆಂಡಿಗೆ ಹತ್ತತ್ತು ಸಲ ಕ್ಲಿಕ್ ಮಾಡಿ ಹಿಂದಿನಿಂದ ನೋಡಬೇಕು. 1 ಸೆಕೆಂಡ್ ಎರಡಾಗಿ ಎಳೆದರೆ, ಅಥವಾ ನಡುವೆ ತಡವರಿಸಿದರೆ ಗ್ರೀಸ್ ಗಟ್ಟಿಯಾಗಿದೆ. ಈ ಪರೀಕ್ಷೆಯಲ್ಲಿ ಗುಂಡಿ ಬೇಗ ಬಿಟ್ಟರೆ ಹಿಂದಿನ ಕದ ಮುಂಚೆಯೇ ಮುಚ್ಚಿಕೊಂಡು ಇಲ್ಲದ ದೋಷ ತೋರಿಸುತ್ತದೆ. ಎಕ್ಸ್‌ಪೋಷರ್ ಮುಗಿಯುವ ತನಕ ಒತ್ತಿಯೇ ಇರಬೇಕು. ಇವತ್ತಿನ ಲೆನ್ಸು 1 ಸೆಕೆಂಡಿನಲ್ಲಿ ಸ್ವಲ್ಪ ಎಳೆಯಿತು, ಮೂರು-ನಾಲ್ಕು ಕ್ಲಿಕ್ ಆದಮೇಲೆ ಸರಿಹೋಯಿತು. ಅಂದರೆ ಸರ್ವಿಸ್ ಮುಂದೂಡುವ ಹಾಗಿಲ್ಲ. ಹೊಲಿಗೆ ಯಂತ್ರದ ಎಣ್ಣೆ ಒಂದು ತೊಟ್ಟು ಬಿಟ್ಟರೆ ಎಂದು ಕೇಳುವವರಿಗೆ ಉತ್ತರ: ಎರಡು ದಿನ ಚೆನ್ನಾಗಿ ಓಡುತ್ತದೆ, ಆಮೇಲೆ ಎಣ್ಣೆ ಎಲೆಗಳ ಮೇಲೆ ಹರಡಿ ಅಂಟಿಕೊಳ್ಳುತ್ತದೆ. ಮಲೆನಾಡು, ಕರಾವಳಿಯ ಮಳೆಗಾಲದಲ್ಲಿ ಗಾಜಿಗೆ ಬೂಷ್ಟು ಬೇರೆ.

ಕೊನೆಗೆ ಮ್ಯಾಗಜೀನ್. ಜೋಡಿಸುವಾಗ ಬಾಡಿಯ ಪುಟ್ಟ ಕಿಂಡಿ, ಮ್ಯಾಗಜೀನಿನ ಕಿಂಡಿ ಎರಡರಲ್ಲೂ ಒಂದೇ ಬಣ್ಣ ಇರಬೇಕು. ಮ್ಯಾಗಜೀನ್ ಬಿಳಿ, ಬಾಡಿ ಕೆಂಪು ಆದರೆ ಒಂದು ಫ್ರೇಮ್ ಖಾಲಿ ಹೋಗುತ್ತದೆ. ತಿರುವುಮುರುವಾದರೆ ಒಂದರ ಮೇಲೊಂದು ಚಿತ್ರ. ಇವತ್ತು ಎರಡೂ ಬಿಳಿ. ಕೌಂಟರ್ 7ರಲ್ಲಿದೆ, ಸ್ಲೈಡ್ ಹೊರಗೆ ತೆಗೆದಾಗಿದೆ.