ಬರ್ಗರ್ ಸಿಗದ ಬರ್ಗರ್ ಮ್ಯೂಸಿಯಂ: ಸ್ಯಾನ್ ಬರ್ನಾರ್ಡಿನೋಗೆ ಹೋಗುವವರಿಗೆ

ಹಸಿದ ಹೊಟ್ಟೆಯಲ್ಲಿ ಹೋಗಬೇಡಿ. ಮೆಕ್‌ಡೊನಾಲ್ಡ್ಸ್ ಹುಟ್ಟಿದ ಜಾಗ ಅಂತ ಎಲ್ಲರೂ ಹುಡುಕಿಕೊಂಡು ಬರುವ ಆ ಮೂಲೆಯಲ್ಲಿ ಒಂದು ಬರ್ಗರೂ ಸಿಗುವುದಿಲ್ಲ. ಲಾಸ್ ಏಂಜಲೀಸ್‌ನಿಂದ ಪೂರ್ವಕ್ಕೆ ಸುಮಾರು ನೂರು ಕಿಲೋಮೀಟರ್ ದೂರದ ಸ್ಯಾನ್ ಬರ್ನಾರ್ಡಿನೋದಲ್ಲಿ, ಇ ಸ್ಟ್ರೀಟ್ ಮತ್ತು 14ನೇ ಸ್ಟ್ರೀಟ್ ಸೇರುವಲ್ಲಿ ಈ ಮ್ಯೂಸಿಯಂ ಇದೆ. ನನಗೆ ಆಶ್ಚರ್ಯವಾದದ್ದು ಏನೆಂದರೆ, ಇದನ್ನು ಕಟ್ಟಿದ್ದು ಆ ಕಂಪನಿಯಲ್ಲ. ಹುವಾನ್ ಪೋಯೊ ಎಂಬ ಕೋಳಿ ಹೋಟೆಲುಗಳ ಯಜಮಾನ ಆಲ್ಬರ್ಟ್ ಒಕುರಾ 1998ರಲ್ಲಿ ಜಾಗ ಕೊಂಡು, ಅಲ್ಲೇ ತಮ್ಮ ಆಫೀಸು ಮಾಡಿಕೊಂಡು, ಜೊತೆಗೆ ಮ್ಯೂಸಿಯಂ ತೆರೆದರು. ಬೇರೊಬ್ಬರ ವ್ಯಾಪಾರದ ನೆನಪನ್ನು ತನ್ನ ದುಡ್ಡಿನಲ್ಲಿ ಕಾಪಾಡಿದ ಮನುಷ್ಯ. 2023ರಲ್ಲಿ ತೀರಿಕೊಂಡರು. ಪ್ರವೇಶಕ್ಕೆ ದುಡ್ಡಿಲ್ಲ, ಕಾಣಿಕೆ ಹಾಕಬಹುದು. ದಯವಿಟ್ಟು ಹಾಕಿ.

ಊರಿನಲ್ಲಿ ರಾತ್ರಿ ಉಳಿಯುವ ಯೋಚನೆ ಇದ್ದರೆ ಬಿಟ್ಟುಬಿಡಿ. ನಾವು ಹಿಡಿದ ಮೋಟೆಲ್ ರೂಮಿಗೆ ಬುಕ್ ಮಾಡುವಾಗ ಕಂಡ ಬಾಡಿಗೆ ಒಂದು, ಕೌಂಟರಿನಲ್ಲಿ ಕೇಳಿದ್ದು ಇನ್ನೊಂದು. ಪಾರ್ಕಿಂಗಿಗೆ ಬೇರೆ, ಠೇವಣಿ ಅಂತ ಬೇರೆ. ಆ ಠೇವಣಿ ವಾಪಸ್ ಬರುವಷ್ಟರಲ್ಲಿ ನಾವು ಭಾರತಕ್ಕೆ ಮರಳಿಯಾಗಿತ್ತು. ಎಸಿ ಗುಡುಗುಟ್ಟುತ್ತಿತ್ತೇ ಹೊರತು ತಂಪು ಇಲ್ಲ. ಬೇಸಿಗೆಯಲ್ಲಿ ಆ ಊರು 38-40 ಡಿಗ್ರಿ ಮುಟ್ಟುತ್ತದೆ. ನನ್ನ ಹೆಂಡತಿ ಟವೆಲ್ ಒದ್ದೆ ಮಾಡಿ ಹೊದ್ದುಕೊಂಡು ಮಲಗಿದ್ದಳು. ಲಾಸ್ ಏಂಜಲೀಸ್‌ನ ಯೂನಿಯನ್ ಸ್ಟೇಷನ್‌ನಿಂದ ಮೆಟ್ರೋಲಿಂಕ್ ರೈಲು ನೇರ ಬರುತ್ತದೆ. ಬೆಳಿಗ್ಗೆ ಬಂದು ಸಂಜೆ ಹೋಗಿ. ಕಾರಿದ್ದರೆ ಇನ್ನೂ ಒಳ್ಳೆಯದು, ಮುಂದೆ ಹೇಳುವ ಜಾಗಗಳಿಗೆಲ್ಲ ಕಾರೇ ಬೇಕು.

ಮ್ಯೂಸಿಯಂ ಒಳಗೆ ಅಚ್ಚುಕಟ್ಟು ಹುಡುಕಬೇಡಿ. ಇಸವಿ ಪ್ರಕಾರ ಜೋಡಿಸಿಲ್ಲ, ಎಷ್ಟೋ ವಸ್ತುಗಳಿಗೆ ಚೀಟಿಯೇ ಇಲ್ಲ. ಹ್ಯಾಪಿ ಮೀಲ್ ಆಟಿಕೆಗಳು ಕಪಾಟು ತುಂಬ ಒತ್ತೊತ್ತಾಗಿ ನಿಂತಿವೆ, ಯಾವ ದೇಶದ್ದು ಯಾವುದು ಅಂತ ಗೊತ್ತಾಗುವುದು ಕಷ್ಟ. ಮಕ್ಕಳು ಅಲ್ಲೇ ಅಂಟಿಕೊಳ್ಳುತ್ತಾರೆ. ನಮ್ಮದು ಹೋಟೆಲ್ ಮನೆತನ. ಕುಂದಾಪುರದ ಕಡೆಯಿಂದ ಘಟ್ಟ ಹತ್ತಿ ಶಿವಮೊಗ್ಗದಲ್ಲಿ ಹೋಟೆಲ್ ಇಟ್ಟವರು ನಮ್ಮ ಅಜ್ಜ. ಹಾಗಾಗಿ ನನ್ನ ಕಣ್ಣು ಹೋದದ್ದು ಕಾಗದದ ಲೋಟ, ಪೊಟ್ಟಣ, ಯೂನಿಫಾರ್ಮುಗಳ ಕಡೆಗೆ. ನೀವೂ ಅವನ್ನು ನಿಧಾನವಾಗಿ ನೋಡಿ, ಇಡೀ ಕಥೆ ಅಲ್ಲಿದೆ.

ಡಿಕ್ ಮತ್ತು ಮ್ಯಾಕ್ ಮೆಕ್‌ಡೊನಾಲ್ಡ್ ಅಣ್ಣತಮ್ಮಂದಿರು 1940ರಲ್ಲಿ ಇಲ್ಲಿ ಶುರುಮಾಡಿದ್ದು ಎಲ್ಲರಂಥ ಹೋಟೆಲನ್ನೇ. ಹುಡುಗಿಯರು ಕಾರಿನ ಹತ್ತಿರ ಬಂದು ಆರ್ಡರ್ ತೆಗೆದುಕೊಂಡು ಪಿಂಗಾಣಿ ತಟ್ಟೆಯಲ್ಲಿ ತಿಂಡಿ ತಂದುಕೊಡುತ್ತಿದ್ದರು. ತಟ್ಟೆ ಒಡೆಯುವುದು, ಚಮಚ ಕಳುವಾಗುವುದು, ಕೆಲಸದವರು ನಿಲ್ಲದೇ ಇರುವುದು. ಹೋಟೆಲ್ ನಡೆಸಿದವರಿಗೆ ಈ ತಲೆನೋವು ಹೇಳಿಕೊಡಬೇಕಾಗಿಲ್ಲ. 1948ರಲ್ಲಿ ಚೆನ್ನಾಗಿ ನಡೆಯುತ್ತಿದ್ದ ಹೋಟೆಲನ್ನು ಕೆಲವು ತಿಂಗಳು ಮುಚ್ಚಿದರು. ಒಂದು ಟೆನಿಸ್ ಕೋರ್ಟಿನ ಮೇಲೆ ಸೀಮೆಸುಣ್ಣದಲ್ಲಿ ಅಡುಗೆಮನೆಯ ನಕ್ಷೆ ಬರೆದು, ಕೆಲಸದವರನ್ನು ಅದರೊಳಗೆ ಓಡಾಡಿಸಿ, ಎಲ್ಲಿ ಒಲೆ, ಎಲ್ಲಿ ಸಾಸ್, ಯಾರ ಕೈ ಯಾರಿಗೆ ತಾಗುತ್ತದೆ ಅಂತ ನೋಡಿ, ಅಳಿಸಿ, ಮತ್ತೆ ಬರೆದರು. ಮತ್ತೆ ಬಾಗಿಲು ತೆರೆದಾಗ ಮೆನುವಿನಲ್ಲಿ ಉಳಿದದ್ದು ಒಂಬತ್ತೇ ಐಟಂ. ಬರ್ಗರಿಗೆ 15 ಸೆಂಟ್. ತಟ್ಟೆಯಿಲ್ಲ, ಸಪ್ಲೈಯರ್ ಇಲ್ಲ, ತೊಳೆಯುವವರಿಲ್ಲ. ಗಿರಾಕಿಯೇ ಕಿಟಕಿಗೆ ಬಂದು ದುಡ್ಡು ಕೊಟ್ಟು ಪೊಟ್ಟಣ ಹಿಡಿದು ಹೋಗಬೇಕು. 1983ರಲ್ಲಿ ಜಯನಗರದಲ್ಲಿ ಶುರುವಾದ ಕೆಫೆ ದರ್ಶಿನಿ ನೋಡಿದವರಿಗೆ ಈ ಲೆಕ್ಕ ತಕ್ಷಣ ಹಿಡಿಯುತ್ತದೆ. ಆದರೆ ದರ್ಶಿನಿಯ ಮೊದಲ ಟೋಕನ್ನು, ಮೊದಲ ದರಪಟ್ಟಿ ಯಾರ ಹತ್ತಿರವಾದರೂ ಉಳಿದಿದೆಯೇ? ಉಳಿದಿದ್ದರೆ ಗುಜರಿಗೆ ಹಾಕಬೇಡಿ.

ಮಿಲ್ಕ್‌ಶೇಕ್ ಮಿಕ್ಸರ್‌ನ ಕಥೆ ಗೊತ್ತಿದ್ದು ಹೋದರೆ ನೋಟಕ್ಕೆ ಅರ್ಥ ಬರುತ್ತದೆ. ಒಟ್ಟಿಗೆ ಐದು ಲೋಟ ತಿರುಗಿಸುವ ಮಲ್ಟಿಮಿಕ್ಸರನ್ನು ಈ ಒಂದೇ ಅಂಗಡಿ ಎಂಟು ಕೊಂಡಿದೆಯಲ್ಲ ಅಂತ ಬೆರಗಾಗಿ, ಅದನ್ನು ಮಾರುತ್ತಿದ್ದ ರೇ ಕ್ರಾಕ್ 1954ರಲ್ಲಿ ಇಲ್ಲಿಗೆ ಬಂದ. 1961ರಲ್ಲಿ 27 ಲಕ್ಷ ಡಾಲರಿಗೆ ಎಲ್ಲವನ್ನೂ ಕೊಂಡ. ಈ ಮೂಲ ಅಂಗಡಿ ಮಾತ್ರ ಅಣ್ಣತಮ್ಮಂದಿರಿಗೆ ಉಳಿಯಿತು, ಆದರೆ ತಮ್ಮದೇ ಹೆಸರು ಹಾಕುವ ಹಕ್ಕು ಉಳಿಯಲಿಲ್ಲ. ‘ಬಿಗ್ ಎಂ’ ಅಂತ ಬೋರ್ಡ್ ಹಾಕಿಕೊಂಡರು. ಕ್ರಾಕ್ ಹತ್ತಿರದಲ್ಲೇ ಇನ್ನೊಂದು ಮೆಕ್‌ಡೊನಾಲ್ಡ್ಸ್ ತೆರೆದ, ಇವರದ್ದು ಮುಚ್ಚಿಹೋಯಿತು. ಇದನ್ನು ಓದಿದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಥರ್ಮೋಕೋಲ್ ಡಬ್ಬಿಗಳ ಕಾಲದ್ದೂ ಒಂದು ಕಥೆ. 1980ರ ದಶಕದಲ್ಲಿ ಮೆಕ್‌ಡಿಎಲ್‌ಟಿ ಅಂತ ಒಂದು ಬರ್ಗರಿಗೆ ಎರಡು ಕೋಣೆಯ ಡಬ್ಬಿ ಇತ್ತು. ಬಿಸಿ ಮಾಂಸ ಒಂದು ಕಡೆ, ತಣ್ಣನೆ ಸೊಪ್ಪು-ಟೊಮೆಟೊ ಇನ್ನೊಂದು ಕಡೆ, ಮುಚ್ಚಿ ಒತ್ತಿ ನಾವೇ ಸೇರಿಸಿಕೊಳ್ಳಬೇಕು. ಪರಿಸರದವರ ಒತ್ತಡಕ್ಕೆ 1990ರಲ್ಲಿ ಕಂಪನಿ ಥರ್ಮೋಕೋಲ್ ಡಬ್ಬಿಗಳನ್ನೇ ಕೈಬಿಡುವುದಾಗಿ ಹೇಳಿತು. ಇಂಥದ್ದು ಎಲ್ಲಾದರೂ ಕಣ್ಣಿಗೆ ಬಿದ್ದರೆ ಬಿಡದೆ ನೋಡಿ.

ಈಗ ಊಟ. ಮ್ಯೂಸಿಯಂನಿಂದ ಕಾರಿನಲ್ಲಿ ಸ್ವಲ್ಪ ದೂರ, ಮೌಂಟ್ ವರ್ನನ್ ಅವೆನ್ಯೂದಲ್ಲಿ ಮಿಟ್ಲಾ ಕೆಫೆ. ಈ ರಸ್ತೆಯೇ ಹೆಸರಾಂತ ಹಳೇ ಹೆದ್ದಾರಿ ರೂಟ್ 66. ಲೂಸಿಯಾ ರೋಡ್ರಿಗೆಸ್ 1937ರಲ್ಲಿ ಶುರುಮಾಡಿದ ಮೆಕ್ಸಿಕನ್ ಮನೆಯವರ ಹೋಟೆಲು. ಎದುರುಗಡೆ ಬರ್ಗರ್ ಅಂಗಡಿ ಇಟ್ಟಿದ್ದ ಗ್ಲೆನ್ ಬೆಲ್ ಇಲ್ಲಿ ಟಾಕೋ ತಿಂದು, ಮಾಡುವುದನ್ನು ನೋಡಿ ಕಲಿತು, 1962ರಲ್ಲಿ ಲಾಸ್ ಏಂಜಲೀಸ್ ಹತ್ತಿರದ ಡೌನಿಯಲ್ಲಿ ಟಾಕೋ ಬೆಲ್ ಎಂಬ ಹೋಟೆಲ್ ಸರಣಿಯ ಮೊದಲ ಅಂಗಡಿ ತೆರೆದ. ಕೋಟಿಗಟ್ಟಲೆ ವ್ಯಾಪಾರ ಅವನಿಗಾಯಿತು, ಕೈರುಚಿ ಮಾತ್ರ ಇಲ್ಲೇ ಉಳಿದಿದೆ. ಕೂತ ತಕ್ಷಣ ಚಿಪ್ಸ್, ಸಾಲ್ಸಾ ಬಂತು. ಸಾಲ್ಸಾದಲ್ಲಿ ಖಾರ ಹದವಾಗಿತ್ತು, ಮೆಣಸಿನಕಾಯಿಯ ಹಸಿ ಘಾಟು ಇಲ್ಲ. ಮಗ ತಿಂದ ಟಾಕೋದ ಹೊರಗಿನ ಜೋಳದ ರೊಟ್ಟಿ ಅಲ್ಲೇ ಕರಿದದ್ದು, ಕಚ್ಚಿದರೆ ಕರುಂ ಅಂದು ಎರಡಾಗುತ್ತಿತ್ತು, ಮೇಲೆ ಚೀಸ್ ಎಳೆಗಳು. ನಾನು ತಿಂದದ್ದು ಚೀಸ್ ಎಂಚಿಲಾಡಾ (ರೊಟ್ಟಿಯೊಳಗೆ ಚೀಸ್ ಸುತ್ತಿ ಮೇಲೆ ಖಾರದ ಸಾಸ್ ಸುರಿದದ್ದು), ಅನ್ನ. ಬಡಿಸುವಾಕೆ ಎರಡು ಸಲ ಬಂದು ಸಾಕಾ ಅಂತ ಕೇಳಿದರು. ಮೋಟೆಲಿನವರು ಕೆಡಿಸಿದ ಮನಸ್ಸು ಇಲ್ಲಿ ಸರಿಹೋಯಿತು. ಸಸ್ಯಾಹಾರಿಗಳು ಒಂದು ಮಾತು ಕೇಳಿ ತಿನ್ನಿ: ಮೆಕ್ಸಿಕನ್ ಹೋಟೆಲುಗಳಲ್ಲಿ ಬೀನ್ಸ್ ಕಾಳನ್ನು ಹಂದಿ ಕೊಬ್ಬಿನಲ್ಲಿ ಬೇಯಿಸುವ ರೂಢಿ ಉಂಟು.

ಇನ್ನೂ ಮುಖ್ಯವಾದದ್ದು: ಅಮೆರಿಕದ ಮೆಕ್‌ಡೊನಾಲ್ಡ್ಸ್‌ನಲ್ಲಿ ಫ್ರೈಸ್ ಸಸ್ಯಾಹಾರ ಅಲ್ಲ. 1990ರವರೆಗೆ ದನದ ಕೊಬ್ಬಿನಲ್ಲೇ ಕರಿಯುತ್ತಿದ್ದರು. ಆಮೇಲೆ ಎಣ್ಣೆ ಬದಲಾದರೂ ದನದ ಮಾಂಸದ ಫ್ಲೇವರ್ ಸೇರಿಸುವುದು ನಿಲ್ಲಲಿಲ್ಲ. ಹಿಂದೂಗಳೂ ಸಸ್ಯಾಹಾರಿಗಳೂ 2001ರಲ್ಲಿ ಕೋರ್ಟಿಗೆ ಹೋಗಿ, ಮರುವರ್ಷ ಕಂಪನಿ ಒಂದು ಕೋಟಿ ಡಾಲರ್ ಕೊಡಲು ಒಪ್ಪಿತು. ಊರಲ್ಲಿ ತಿಂದ ಅಭ್ಯಾಸದ ಮೇಲೆ ಅಪ್ಪ-ಅಮ್ಮನಿಗೆ ಕೊಡಿಸಬೇಡಿ.

ವಾಪಸ್ ಬರುವಾಗ ಬಾಲ್ಡ್‌ವಿನ್ ಪಾರ್ಕ್ ಎಂಬ ಊರಿನಲ್ಲಿ ಇನ್-ಎನ್-ಔಟ್ ಎಂಬ ಇನ್ನೊಂದು ಬರ್ಗರ್ ಕಂಪನಿಯ ಮೊದಲ ಅಂಗಡಿಯ ಪ್ರತಿಕೃತಿ ಇದೆ, ಆ ಮೂಲ ಅಂಗಡಿಯೂ 1948ರದ್ದೇ. ಹತ್ತಡಿ ಉದ್ದಗಲದ ಗೂಡು, ಕಾರಿನಲ್ಲಿ ಕೂತೇ ಆರ್ಡರ್ ಹೇಳುವ ಸ್ಪೀಕರ್. ಹತ್ತು ನಿಮಿಷ ಸಾಕು. ಡೌನಿಗೆ ಮಾತ್ರ ಸಂಜೆ ಹೋಗಿ. ಅಲ್ಲಿ 1953ರ ಮೆಕ್‌ಡೊನಾಲ್ಡ್ಸ್ ಇನ್ನೂ ವ್ಯಾಪಾರ ಮಾಡುತ್ತಿದೆ, ಉಳಿದವುಗಳಲ್ಲಿ ಅದೇ ಅತಿ ಹಳೆಯದು. ಸ್ಪೀಡಿ ಎಂಬ ಬರ್ಗರ್ ತಲೆಯ ಅಡುಗೆಯವನ ನಿಯಾನ್ ಬೋರ್ಡು 60 ಅಡಿ ಎತ್ತರ, ಕತ್ತಲಾದ ಮೇಲೇ ಚೆಂದ. ಅಮೆರಿಕದಲ್ಲಿ ಹೆಚ್ಚಿನ ಕಡೆ 1992ರಿಂದ ಓವನ್ನಿನಲ್ಲಿ ಬೇಕ್ ಮಾಡಿ ಕೊಡುವ ಆ್ಯಪಲ್ ಪೈ ಇಲ್ಲಿ ಹಳೇ ಪದ್ಧತಿಯಂತೆ ಕರಿದೇ ಸಿಗುತ್ತದೆ. ಅನ್ನ-ಸಾರು ಬೇಕೆನಿಸಿದರೆ ಹತ್ತಿರದಲ್ಲೇ ಆರ್ಟೀಷಿಯಾದ ಪಯೋನಿಯರ್ ಬುಲೆವಾರ್ಡ್, ಬೀದಿ ತುಂಬ ನಮ್ಮ ಕಡೆಯ ಅಂಗಡಿಗಳು. ಮೊದಲ ಟಾಕೋ ಬೆಲ್ ಕಟ್ಟಡವನ್ನು ಹುಡುಕಿ ಡೌನಿಯಲ್ಲಿ ಸುತ್ತಬೇಡಿ, 2015ರಲ್ಲೇ ಅದನ್ನು ಲಾರಿ ಮೇಲೆ ಇಟ್ಟು ಅರ್ವೈನ್‌ನ ಹೆಡ್ ಆಫೀಸಿಗೆ ಸಾಗಿಸಿದ್ದಾರೆ.