ಟ್ಯಾಂಕ್ ನೋಡೋಕಿಂತ ಮೊದಲು ಈಗ ನಾನು ಸ್ವಿಚ್ ಬೋರ್ಡ್ ನೋಡ್ತೀನಿ

ಕೊಪ್ಪಳದಾಗ ಅಕ್ವೇರಿಯಂ ಕೆಲಸ ಶುರು ಮಾಡಿ ಒಂಬತ್ತು ವರ್ಷ ಆತ್ರಿ. ಸಣ್ಣ ಅಂಗಡಿ ಐತಿ, ಆದ್ರ ನನ್ನ ಹೊಟ್ಟಿ ತುಂಬೋದು ಸರ್ವಿಸ್‌ನಿಂದನ, ಬೈಕಿಗೆ ಬಕೆಟ್ ಪೈಪ್ ಕಟ್ಕೊಂಡು ಗಂಗಾವತಿ, ಮುನಿರಾಬಾದ್ ತನಕ ಹೋಗಿ ಮನಿ ಮನಿ ಟ್ಯಾಂಕ್ ಕ್ಲೀನ್ ಮಾಡಿ ಬರ್ತೀನಿ. ಬ್ಯಾಸಗಿ ಬಂತಂದ್ರ ನಂಗ ರಾತ್ರಿ ಗಾಳಿ ಬೀಸಿದ್ರ ಸಾಕು ಎಚ್ಚರ ಆಗ್ತೈತಿ. ಯಾಕಂತ ಹೇಳ್ತೀನಿ.

ಎರಡು ವರ್ಷದ ಹಿಂದ, ಮೇ ತಿಂಗಳು. ನಾನ ಸೆಟ್ ಮಾಡಿಕೊಟ್ಟ ನಾಕು ಅಡಿ ಟ್ಯಾಂಕ್, ಸುಮಾರು 250 ಲೀಟರ್ ನೀರು, ಹನ್ನೆರಡು ಗೋಲ್ಡ್ ಫಿಶ್. ಸಂಜಿಗೆ ಗಾಳಿ ಮಳಿ ಬಂತು, ಎಲ್ಲೋ ಗಿಡ ಬಿದ್ದು ಲೈನ್ ಹರೀತು, ರಾತ್ರಿ ಒಂಬತ್ತಕ್ಕ ಹೋದ ಕರೆಂಟ್ ಬೆಳಿಗ್ಗೆ ಏಳಕ್ಕ ಬಂತು. ಮನ್ಯಾಗ ಇನ್ವರ್ಟರ್ ಇತ್ತು, ಫ್ಯಾನ್ ತಿರುಗಿದ್ವು, ಅದಕ್ಕ ಎಲ್ಲಾರೂ ಆರಾಮ ಮಲಗಿಬಿಟ್ರು, ಆದ್ರ ಟ್ಯಾಂಕಿನ ಪ್ಲಗ್ ಇನ್ವರ್ಟರ್ ಲೈನಿನ್ಯಾಗ ಇರ್ಲಿಲ್ಲ. ಫ್ಯಾನ್ ನಿಂತಿದ್ರ ಸೆಕಿಗೆ ಯಾರಾದ್ರೂ ಏಳ್ತಿದ್ರು, ಟ್ಯಾಂಕಿನ್ಯಾಗ ಗಾಳಿ ಗುಳ್ಳಿ ನಿಂತದ್ದು ನೋಡ್ತಿದ್ರು. ಬೆಳಿಗ್ಗೆ ಅವರು ಫೋನ್ ಮಾಡಿದಾಗ ಐದು ಮೀನು ತೇಲಾಕತ್ತಿದ್ವು, ಉಳಿದ ಏಳು ಮ್ಯಾಲ ಬಂದು ಬಾಯಿ ತಕ್ಕೊಂಡು ಗುಟುಕು ಗುಟುಕು ಗಾಳಿ ಎಳೀತಿದ್ವು. ಅಷ್ಟ್ರಾಗ ಕರೆಂಟ್ ಬಂತು, ಸದ್ಯ ಉಳದ್ವು ಅಂದ್ಕೊಂಡ್ವಿ. ನಾನು ಹೋಗೋದ್ರೊಳಗ ಇನ್ನೂ ನಾಕು ಹೋಗಿದ್ವು.

ಆ ನಾಕು ಯಾಕ ಹೋದ್ವು ಅಂತ ಕ್ಯಾನಿಸ್ಟರ್ ಫಿಲ್ಟರ್, ಅಂದ್ರ ಟ್ಯಾಂಕಿನ ಹೊರಗ ಇಡೋ ಮುಚ್ಚಿದ ಡಬ್ಬಿ ಫಿಲ್ಟರ್, ಬಿಚ್ಚಿದಾಗ ತಿಳೀತು. ಮುಚ್ಚಳ ತೆಗೆದ್ರ ಕೊಳೆತ ತತ್ತಿ ವಾಸನಿ. ಫಿಲ್ಟರಿನೊಳಗ ಹೊಲಸು ತಿಂದು ಬದುಕೋ ಬ್ಯಾಕ್ಟೀರಿಯಾಕ್ಕೂ ಉಸಿರು ಬೇಕು, ನೀರು ಹರಿಯೋದು ನಿಂತ್ರ ಒಳಗಿನ ಆಕ್ಸಿಜನ್ ಮುಗೀತೈತಿ, ಅವು ಸಾಯಾಕ ಹತ್ತತಾವ, ಒಳಗ ವಿಷ ಕೂಡತೈತಿ, ಕರೆಂಟ್ ಬಂದ ಕೂಡ್ಲೆ ಮೋಟಾರ್ ತಾನ ಶುರುವಾಗಿ ಆ ನೀರನ್ನ ಸೀದಾ ಟ್ಯಾಂಕಿಗೆ ತಳ್ಳತೈತಿ. ಅದ್ರಾಗ ಆ ಫಿಲ್ಟರ್ ನಾನು ಮೂರು ತಿಂಗಳಿಂದ ತೊಳೆದಿರ್ಲಿಲ್ಲ. ತಪ್ಪು ನಂದು, ಅವರ ಮನ್ಯಾಗ ನಿಂತ ಹಂಗ ಹೇಳಿದೆ. ಅವರ ಸಣ್ಣ ಹುಡುಗಿ ಒಂದು ಬಟ್ಟಲದಾಗ ಸತ್ತ ಮೀನು ಹಿಡ್ಕೊಂಡು ನಿಂತಿತ್ತು, ಅದನ್ನ ಇವತ್ತಿಗೂ ಮರ್ಯಾಕ ಆಗಿಲ್ಲ.

ಅವತ್ತಿಂದ ಯಾರದ ಮನಿಗೆ ಹೋದ್ರೂ ಮೊದಲು ಕೇಳೋದು ಇನ್ವರ್ಟರ್ ಯಾವ ಪ್ಲಗ್ಗಿಗೆ ಬರ್ತೈತಿ ಅಂತ. ಎಲ್ಲಾನೂ ಇನ್ವರ್ಟರಿಗೆ ಹಾಕೋದು ಬ್ಯಾಡ್ರಿ, ಲೈಟ್ ಬ್ಯಾಡ, ಹೀಟರ್ ಅಂತೂ ನಮ್ಮೂರಾಗ ಬ್ಯಾಸಗಿಗೆ ಬೇಕಾಗೇ ಇಲ್ಲ. ಏರ್ ಪಂಪ್ ಒಂದ ಸಾಕು. ಸಣ್ಣ ಏರ್ ಪಂಪ್ ತಿನ್ನೋದು 3ರಿಂದ 5 ವ್ಯಾಟ್, ಒಂದು ಸಾದಾ ಸೀಲಿಂಗ್ ಫ್ಯಾನ್ 70 ವ್ಯಾಟ್ ಹತ್ರ ತಿಂತೈತಿ, ಅಂದಮ್ಯಾಗ ಬ್ಯಾಟರಿ ಇಳೀತೈತಿ ಅನ್ನೋ ಚಿಂತಿ ಬಿಡ್ರಿ. ಅದಕ್ಕ ಒಂದು ಸ್ಪಂಜ್ ಫಿಲ್ಟರ್ (ಪಂಪಿನ ಗಾಳಿಯಿಂದನ ನೀರು ಸ್ಪಂಜಿನ್ಯಾಗ ಹಾಯೋ ಫಿಲ್ಟರ್) ಜೋಡಿಸಿಬಿಟ್ರ ಗಾಳಿನೂ ಆತು, ಬ್ಯಾಕ್ಟೀರಿಯಾನೂ ಉಳದ್ವು. ಹಳೇ ಸ್ಕ್ವೇರ್ ವೇವ್ ಇನ್ವರ್ಟರ್ ಇದ್ರ ಪಂಪ್ ಜೋರು ಗುಂಯ್ ಅಂತೈತಿ, ಬಿಸಿನೂ ಆಗ್ತೈತಿ, ಮುಟ್ಟಿ ನೋಡ್ತಿರಬೇಕು.

ಸೆಕಿ ಇದ್ದಾಗ ಇಷ್ಟು ಗಡಿಬಿಡಿ ಯಾಕಂದ್ರ, 25 ಡಿಗ್ರಿ ನೀರಾಗ ಲೀಟರಿಗೆ 8 ಮಿಲಿಗ್ರಾಂನಷ್ಟು ಆಕ್ಸಿಜನ್ ಹಿಡಿತೈತಿ, 35 ಡಿಗ್ರಿಗೆ ಅದು 7ರ ಹತ್ರ ಇಳೀತೈತಿ, ಅದ ಸೆಕಿಗೆ ಮೀನಿಗೆ ಬೇಕಾಗೋದು ಮಾತ್ರ ಜಾಸ್ತಿ. ಟ್ಯಾಂಕಿನ್ಯಾಗ ಗಿಡ ಇದ್ರ ರಾತ್ರ್ಯಾಗ ಅವೂ ಆಕ್ಸಿಜನ್ ತಗೊಂತಾವ. ಫೈಟರ್, ಗೌರಾಮಿ ಅಂಥ ಮೀನು ಮ್ಯಾಲ ಬಂದು ಗಾಳಿ ಕುಡದು ತಡ್ಕೊಂತಾವ, ಗೋಲ್ಡ್ ಫಿಶ್ ಮ್ಯಾಲ ಬಂದು ಬಾಯಿ ತಗದ್ರೂ ಹಂಗ ತಡ್ಕೊಳ್ಳೋ ಶಕ್ತಿ ಅದಕ್ಕಿಲ್ಲ.

ಇನ್ವರ್ಟರ್ ಇಲ್ಲದವರಿಗೆ ನಾನು ಯುಎಸ್‌ಬಿ ಏರ್ ಪಂಪ್, ಪವರ್ ಬ್ಯಾಂಕ್ ಕೊಡ್ತೀನಿ. 10000 ಎಂಎಎಚ್ ಪವರ್ ಬ್ಯಾಂಕಿನ್ಯಾಗ 1 ವ್ಯಾಟ್ ಪಂಪ್ ಒಂದು ರಾತ್ರಿ ಆರಾಮ ದಾಟತೈತಿ. ಆದ್ರ ಇಲ್ಲಿ ಒಂದು ಮಾತು, ಕೆಲವು ಪವರ್ ಬ್ಯಾಂಕ್ ಲೋಡ್ ತೀರಾ ಸಣ್ಣದಂತ ತಿಳ್ಕೊಂಡು ಸ್ವಲ್ಪ ಹೊತ್ತಿಗೆ ತಾವ ಆಫ್ ಆಗಿಬಿಡ್ತಾವ. ಅಂಗಡ್ಯಾಗ ಹಚ್ಚಿ ಎರಡು ತಾಸು ಬಿಟ್ಟು ನೋಡದ ನಾನು ಒಂದೂ ಕೊಡೂದಿಲ್ಲ. ಪಂಪ್ ನೀರಿನ ಮಟ್ಟಕ್ಕಿಂತ ಮ್ಯಾಲ ಇಡ್ರಿ, ಇಲ್ಲಾಂದ್ರ ಪೈಪಿಗೆ ನೀರು ಹಿಂದಕ್ಕ ಬರದಂಗ ತಡಿಯೋ ಚೆಕ್ ವಾಲ್ವ್ ಹಾಕ್ರಿ, ಯಾಕಂದ್ರ ಪಂಪ್ ನಿಂತಾಗ ಟ್ಯಾಂಕಿನ ನೀರು ಪೈಪಿನಾಗ ವಾಪಸ್ ಹರಿದು ಪಂಪಿಗ ಇಳೀತೈತಿ.

ಏನೂ ಇಲ್ಲ, ರಾತ್ರಿ ಕರೆಂಟ್ ಹೋಗೈತಿ ಅಂದ್ರ? ಒಂದು ಮಗ್ ತಗೊಂಡು ಟ್ಯಾಂಕಿನ ನೀರ ತುಂಬಿ ಒಂದು ಗೇಣು ಮ್ಯಾಲಿಂದ ಸುರೀರಿ, ಹತ್ತಿಪ್ಪತ್ತು ಸಲ, ಅರ್ಧ ತಾಸಿಗೊಮ್ಮೆ. ಮುಚ್ಚಳ ತೆಗೀರಿ. ಊಟ ಹಾಕಬ್ಯಾಡ್ರಿ, ದೊಡ್ಡ ಮೀನು ಎರಡು ದಿನ ಉಪವಾಸ ಇದ್ರ ಏನೂ ಆಗೂದಿಲ್ಲ. ನೀರು ಬಿಸಿ ಆಗೈತಂತ ಐಸ್ ಸುರೀಬ್ಯಾಡ್ರಿ, ಬಾಟಲಿನ್ಯಾಗ ನೀರು ಗಟ್ಟಿ ಮಾಡಿ ಬಾಯಿ ಬಿಗಿದು ತೇಲಿಬಿಡ್ರಿ. ಕ್ಯಾನಿಸ್ಟರ್ ಇದ್ದವರು ಕರೆಂಟ್ ಹೋದ ಕೂಡ್ಲೆ ಅದರ ಪ್ಲಗ್ ಕಿತ್ತಿಡ್ರಿ, ತಾಸುಗಟ್ಟಲೆ ನಿಂತಿದ್ರ ಒಳಗಿನ ನೀರು ಚೆಲ್ಲಿ, ಸ್ಪಂಜನ್ನ ಬಕೆಟಿಗೆ ತಗದ ಟ್ಯಾಂಕಿನ ನೀರಾಗ ಹಿಂಡಿ ಆಮ್ಯಾಗ ಹಚ್ಚರಿ. ನಳದ ನೀರಾಗ ತೊಳೀಬ್ಯಾಡ್ರಿ, ಕ್ಲೋರಿನ್‌ಗೆ ಉಳಿದ ಬ್ಯಾಕ್ಟೀರಿಯಾನೂ ಹೋಗ್ತಾವ.

ಈಗ ಕೆಲಸ ಮುಗಿಸಿ ದುಡ್ಡು ತಗೊಳ್ಳೋಕ ಮೊದಲು ಮೇನ್ ಸ್ವಿಚ್ ಬಂದ್ ಮಾಡಿ ಮನಿಯವರ ಜೋಡಿ ಟ್ಯಾಂಕಿನ ಮುಂದ ಹತ್ತು ನಿಮಿಷ ಕುಂದರ್ತೀನಿ. ಗುಳ್ಳಿ ಬರ್ತಾವಾ ಅಂತ ಅವರ ಕಣ್ಣಾರೆ ನೋಡ್ಲಿ. ಹಳೇ ಗಿರಾಕಿಗಳ ಮನಿಗೂ ಪುಕ್ಕಟೆ ಹೋಗಿ ಚೆಕ್ ಮಾಡಿ ಬರಾಕತ್ತೀನಿ, ಗಂಗಾವತಿ ಕಡೆ ಇನ್ನೂ ಮೂರು ಮನಿ ಬಾಕಿ ಅದಾವ, ಗಾಳಿ ಮಳಿ ಶುರುವಾಗೋದ್ರೊಳಗ ಮುಗಸಬೇಕು.