ಕ್ರುಂಗ್ ಥೇಪ್‌ನಲ್ಲಿ ಕಿವಿಗೆ ಬಿದ್ದ ಮಾತು

ಬ್ಯಾಂಕಾಕಿನ ವಿಮಾನ ನಿಲ್ದಾಣದ ಹೆಸರು ಸುವರ್ಣಭೂಮಿ ಎಂಬುದು, ಟಿಕೆಟ್ ಕಾದಿರಿಸಿದ ದಿನದಿಂದಲೇ ನನಗೆ ಒಂದು ಬಗೆಯ ಧೈರ್ಯ ಕೊಟ್ಟಿತ್ತು. ಮೊದಲ ಸಲ ಹೋಗುತ್ತಿರುವ ಊರು, ಭಾಷೆ ಬಾರದು, ಲಿಪಿ ತಿಳಿಯದು. ಆದರೂ ಹೆಬ್ಬಾಗಿಲಿಗೇ ಇಂಥ ಹೆಸರಿಟ್ಟುಕೊಂಡ ಊರು ತೀರಾ ಪರಕೀಯವಾಗಿರಲಾರದು ಎಂದುಕೊಂಡಿದ್ದೆ. ಆ ಧೈರ್ಯ ಮೊದಲ ಸಂಜೆಯೇ ಕರಗಿತು. ಹಿಂತಿರುಗುವ ದಿನ ಸುವರ್ಣಭೂಮಿಗೆ ಎಷ್ಟು ಹೊತ್ತಿಗೆ ಹೊರಡಬೇಕೆಂದು ಹೋಟೆಲಿನ ಹುಡುಗಿಯನ್ನು ಕೇಳಿದಾಗ ಅವಳಿಗೆ ಅರ್ಥವಾಗಲಿಲ್ಲ. ಮಹಾಪ್ರಾಣವನ್ನು ಇನ್ನಷ್ಟು ಒತ್ತಿ, ಶಾಲೆಯಲ್ಲಿ ಶ್ಲೋಕ ಒಪ್ಪಿಸುವವರಂತೆ ಮತ್ತೆರಡು ಸಲ ಹೇಳಿದೆ. ಕೊನೆಗೆ ಟಿಕೆಟನ್ನೇ ತೋರಿಸಿದಾಗ ಅವಳು ನಕ್ಕು, "ಓ, ಸುವನ್ನಪೂಮ್!" ಎಂದಳು.

ಅಲ್ಲಿಂದ ಮುಂದೆ ನಾಲ್ಕು ದಿನ ನಾನು ಊರನ್ನು ನೋಡಿದ್ದಕ್ಕಿಂತ ಕೇಳಿದ್ದೇ ಹೆಚ್ಚು. ಥಾಯ್ ಭಾಷೆಯಲ್ಲಿ ಸಂಸ್ಕೃತ ಮತ್ತು ಪಾಳಿಯಿಂದ ಬಂದ ಪದಗಳು ಹೇರಳವಾಗಿವೆ. ಅವುಗಳ ಬರವಣಿಗೆಯಲ್ಲಿ ಹಳೆಯ ಅಕ್ಷರಗಳನ್ನು ಬಹುಮಟ್ಟಿಗೆ ಉಳಿಸಿಕೊಂಡಿದ್ದಾರೆ, ಆದರೆ ಉಚ್ಚಾರಣೆಯಲ್ಲಿ ಕೊನೆಯ ಅಕ್ಷರಗಳು ಉದುರಿಹೋಗುತ್ತವೆ. ಭೂಮಿಯ ಇಕಾರ ಬರೆಹದಲ್ಲಿದೆ, ಬಾಯಲ್ಲಿಲ್ಲ. ಇಷ್ಟು ತಿಳಿದ ಮೇಲೆ ಮೇಲುಸೇತುವೆಯ ರೈಲಿನಲ್ಲಿ ಕುಳಿತು ಘೋಷಣೆಗಳನ್ನು ಕೇಳುವುದೇ ನನಗೊಂದು ಆಟವಾಯಿತು. 'ಸಥಾನಿ' ಎಂದರೆ ನಿಲ್ದಾಣ. 'ಅಸೋಕ್' ಅಶೋಕವೇ, 'ರಾತ್ಚಥೇವೀ' ರಾಜದೇವಿಯೇ. 1940ರ ದಶಕದ ಆರಂಭದಲ್ಲಿ, ಫ್ರಾನ್ಸಿನೊಡನೆ ನಡೆದ ಕದನದ ನೆನಪಿಗೆ ನಿಲ್ಲಿಸಿದ ಸ್ತಂಭದ ಹೆಸರಿನಲ್ಲಿ 'ಚಾಯ್ ಸಮೊರಪೂಮ್' ಎಂಬ ಭಾಗವಿದೆ. ಜಯ ಮತ್ತು ಸಮರಭೂಮಿ ಎರಡೂ ಅದರೊಳಗೆ ಅಡಗಿ ಕೂತಿವೆ ಎಂದು ಹೊಳೆದಾಗ, ಎದುರಿಗೆ ನಿಂತಿದ್ದ ಅಪರಿಚಿತರಿಗೆ ಹೇಳಿಬಿಡಬೇಕೆನ್ನಿಸುವಷ್ಟು ಸಂತೋಷವಾಯಿತು. ಹವಾಮಾನಕ್ಕೆ 'ಆಕಾತ್', ಅದು ಆಕಾಶ. ಸಮಯಕ್ಕೆ 'ವೇಲಾ', ನಮ್ಮ ವೇಳೆ. ಬ್ಯಾಂಕಿಗೆ 'ಥನಾಖಾನ್', ಅಂದರೆ ಧನಾಗಾರ. ದೂರವಾಣಿ ಎಂಬ ಪದವನ್ನು ನಾವು ಸರ್ಕಾರಿ ಕಾಗದಗಳಿಗೆ ಬಿಟ್ಟುಕೊಟ್ಟು ಫೋನ್ ಎನ್ನುತ್ತೇವೆ. ಅವರು 'ಥೋರಸಪ್', ಅಂದರೆ ದೂರಶಬ್ದವನ್ನು ದಿನವೂ ಕಿವಿಗಿಟ್ಟುಕೊಂಡು ಓಡಾಡುತ್ತಾರೆ.

ಊಟದ ವಿಷಯದಲ್ಲಿ ಈ ಪದಜ್ಞಾನ ನನಗೆ ಕೈಕೊಟ್ಟಿತು. ಸಸ್ಯಾಹಾರಕ್ಕೆ 'ಮಂಗ್ಸವಿರತ್' ಎನ್ನುತ್ತಾರೆಂದು ಓದಿದ್ದೆ. ಮಾಂಸವಿರತಿ ಎಂಬುದಕ್ಕಿಂತ ಸ್ಪಷ್ಟವಾದ ಪದ ಇನ್ನೇನು ಬೇಕು ಎಂದು ನಂಬಿ ಹೇಳಿದರೆ, ಮೊಟ್ಟೆ ಹಾಕಿದ ನೂಡಲ್ಸ್ ಬಂತು. ನನಗೆ ಒಗ್ಗಿದ್ದು 'ಜೇ' ಎಂಬ ಚೀನೀ ಮೂಲದ ಪದ್ಧತಿಯ ಅಡುಗೆ. ಹಳದಿ ಬಾವುಟದ ಮೇಲೆ ಕೆಂಪು ಬಣ್ಣದಲ್ಲಿ ಬರೆದ, ದೂರದಿಂದ 17 ಎಂದು ಕಾಣುವ ಅಕ್ಷರಗಳೇ ಅದರ ಗುರುತು. ಅಲ್ಲಿ ಮಾಂಸ, ಮೀನಿನ ರಸ ಇಲ್ಲದಿರುವುದಷ್ಟೇ ಅಲ್ಲ, ಈರುಳ್ಳಿ ಬೆಳ್ಳುಳ್ಳಿಯೂ ಇಲ್ಲ. ಏಕಾದಶಿಯ ಮರುದಿನ ಮಠದಲ್ಲಿ ಉಂಡು ಬೆಳೆದ ನಾಲಿಗೆಗೆ ಸಂಸ್ಕೃತದ ಹೆಸರು ಹೊತ್ತ ಊಟಕ್ಕಿಂತ ಈ ಚೀನೀ ಊಟವೇ ಮನೆಯ ಹತ್ತಿರದ್ದಾಗಿ ತೋರಿತು. ಅದೇ ಬೀದಿಯ ತುದಿಯಲ್ಲಿ ಒಬ್ಬ ಅಜ್ಜಿ ಪಡ್ಡಿನ ಕಾವಲಿಯಂಥ ಗುಳಿಗಳ ಬಂಡಿಯಲ್ಲಿ ಅಕ್ಕಿಹಿಟ್ಟಿನ ಸಂಪಣ ಹುಯ್ದು, ಮೇಲೆ ತೆಂಗಿನ ಹಾಲು ಬಿಟ್ಟು ಬೇಯಿಸುತ್ತಿದ್ದರು. ಆದರೆ ಆಕೆ ಪಡ್ಡನ್ನು ಮಗುಚುವುದಿಲ್ಲ. ಅಂಚು ಗರಿಗರಿಯಾಗಿ ನಡುವೆ ಇನ್ನೂ ತುಳುಕುತ್ತಿರುವಾಗಲೇ ಚಮಚದಿಂದ ಎಬ್ಬಿಸಿ, ಒಂದರ ಮೇಲೊಂದು ಕವುಚಿ ಜೋಡಿ ಮಾಡುತ್ತಾರೆ. ಅದಕ್ಕೆ 'ಖನೊಮ್ ಕ್ರೊಕ್' ಎಂಬ ಹೆಸರು. ಅದರಲ್ಲಿ ಸಂಸ್ಕೃತ ಹುಡುಕುವ ಗೋಜಿಗೆ ನಾನು ಹೋಗಲಿಲ್ಲ.

ಬೆಂಗಳೂರಿನ ರಸ್ತೆಗಳಲ್ಲಿ ಪಳಗಿದ ಕಿವಿಗೆ ಅಲ್ಲಿ ಇನ್ನೊಂದು ಬೆರಗು ಕಾದಿತ್ತು. ನಾಲ್ಕೈದು ಸಾಲು ಕಾರುಗಳು, ಅವುಗಳ ಸಂದುಗಳಲ್ಲಿ ಕಿತ್ತಳೆ ಅಂಗಿ ತೊಟ್ಟ ಮೋಟಾರ್‌ಸೈಕಲ್ ಟ್ಯಾಕ್ಸಿಯವರು, ಇಷ್ಟೆಲ್ಲ ನಿಂತಲ್ಲೇ ನಿಂತಿದ್ದರೂ ಹಾರ್ನ್ ಕೇಳಿಸುವುದು ಅಪರೂಪ. ಊರಿನ ಸದ್ದೆಲ್ಲ ಎಲ್ಲಿ ಹೋಯಿತೆಂದು ಹುಡುಕಿದವನಿಗೆ ಅದು ನೀರಿನ ಮೇಲೆ ಸಿಕ್ಕಿತು. ಸೇನ್ ಸೇಪ್ ಕಾಲುವೆಯನ್ನು ಅಲ್ಲಿನ ದೊರೆ ಮೂರನೆಯ ರಾಮನ ಆಳ್ವಿಕೆಯಲ್ಲಿ, 1837ರಲ್ಲಿ, ಪೂರ್ವದ ಕಡೆಗೆ ಸೈನ್ಯ ಸಾಗಿಸಲೆಂದು ತೋಡಲು ಆರಂಭಿಸಿದರಂತೆ. ಈಗ ಅದರ ಮೇಲೆ ಕಚೇರಿಗೆ ಹೋಗುವವರನ್ನು ತುಂಬಿಕೊಂಡ ಉದ್ದನೆಯ ದೋಣಿಗಳು ಎಂಜಿನ್ನಿನ ಅಬ್ಬರದೊಡನೆ ಓಡುತ್ತವೆ. ದಡಕ್ಕೆ ತಾಗಿದ ದೋಣಿ ನಿಲ್ಲುವುದು ಕೆಲವೇ ಕ್ಷಣ. ಕಾಲಿಡುವುದೋ ಬೇಡವೋ ಎಂದು ಯೋಚಿಸುವವರಿಗೆ ಅಲ್ಲಿ ಜಾಗವಿಲ್ಲ. ಟಿಕೆಟ್ ಕೊಡುವಾಕೆ ತಲೆಗೆ ಹೆಲ್ಮೆಟ್ ಹಾಕಿಕೊಂಡು, ದೋಣಿಯ ಹೊರಗಿನ ಗೇಣಗಲದ ಅಂಚಿನ ಮೇಲೆ ಹಗ್ಗ ಹಿಡಿದು ನಡೆಯುತ್ತಾ, ಸೇತುವೆ ಬಂದಾಗ ತಲೆ ತಗ್ಗಿಸಿ, ಮತ್ತೆ ಚಿಲ್ಲರೆ ಎಣಿಸುತ್ತಾಳೆ.

ಅಂಚಿನ ಆಸನದಲ್ಲಿ ಕುಳಿತವರಿಗೆ ಒಂದು ಕೆಲಸವಿದೆ, ಅದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಎದುರಿನಿಂದ ಇನ್ನೊಂದು ದೋಣಿ ಬಂದರೆ ಹಗ್ಗ ಎಳೆದು ಪಕ್ಕದ ಟಾರ್ಪಾಲನ್ನು ಮೇಲೆತ್ತಬೇಕು. ಇಲ್ಲದಿದ್ದರೆ ಆ ಕಪ್ಪು ನೀರು ಇಡೀ ಸಾಲಿಗೆ ಎರಚುತ್ತದೆ. ನಾನು ಕಾಲುವೆಯಂಚಿನ ಮನೆಗಳ ತುಳಸಿಯಂಥ ಕುಂಡಗಳನ್ನೂ ಒಣಹಾಕಿದ ಬಟ್ಟೆಗಳನ್ನೂ ನೋಡುತ್ತಾ ಮೈಮರೆತಿದ್ದೆ. ಹಿಂದಿನ ಸಾಲಿನ ಹೆಂಗಸು ನನ್ನ ಭುಜದ ಮೇಲಿಂದ ಕೈಚಾಚಿ ಹಗ್ಗವನ್ನು ಜಗ್ಗಿದರು. ಅಲೆ ಟಾರ್ಪಾಲಿಗೆ ಬಡಿದ ಸದ್ದು ಕೇಳಿತು. ಅವರು ಬೈಯಲಿಲ್ಲ, ನಗಲೂ ಇಲ್ಲ. ಹಗ್ಗದ ತುದಿಯನ್ನು ನನ್ನ ಕೈಗಿಟ್ಟು ಫೋನ್ ನೋಡತೊಡಗಿದರು. ಮುಂದಿನ ನಾಲ್ಕು ನಿಲ್ದಾಣಗಳವರೆಗೆ ನಾನು ಮನೆಗಳನ್ನು ನೋಡಲಿಲ್ಲ.

ಅರಮನೆ, ದೇವಾಲಯಗಳ ಬಗ್ಗೆ ಬರೆದವರು ಬಹಳ ಮಂದಿ ಇದ್ದಾರೆ. ಪಚ್ಚೆ ಬುದ್ಧನ ಆಲಯದ ಪ್ರಾಕಾರದಲ್ಲಿ ರಾಮಾಯಣವನ್ನು 178 ಭಾಗಗಳಲ್ಲಿ ಚಿತ್ರಿಸಿದ್ದಾರೆ. ಬಿಸಿಲಿಗೂ ಜನಜಂಗುಳಿಗೂ ಸೋತು ನಾನು ಹತ್ತಿಪ್ಪತ್ತನ್ನಷ್ಟೇ ನೋಡಿದೆ. ನನ್ನನ್ನು ಹೆಚ್ಚು ಹಿಡಿದಿಟ್ಟದ್ದು ಊರಿನ ಹೆಸರು. 1782ರಲ್ಲಿ ಮೊದಲನೆಯ ರಾಮ ರಾಜಧಾನಿಯನ್ನು ನದಿಯ ಈ ದಡಕ್ಕೆ ತಂದ. ಅಲ್ಲಿನವರು ತಮ್ಮ ಊರನ್ನು ಬ್ಯಾಂಕಾಕ್ ಎನ್ನುವುದಿಲ್ಲ, ಕ್ರುಂಗ್ ಥೇಪ್ ಎನ್ನುತ್ತಾರೆ. ಅದು ಒಂದು ಉದ್ದನೆಯ ಬಿರುದಿನ ಮೊದಲ ತುಣುಕು ಮಾತ್ರ. ಪೂರ್ತಿ ಹೆಸರಿನಲ್ಲಿ ಮಹಾನಗರವಿದೆ, ಅಯೋಧ್ಯೆಯಿದೆ, ನವರತ್ನವಿದೆ, ರಾಜಧಾನಿಯಿದೆ. ಶಕ್ರನು, ಅಂದರೆ ಇಂದ್ರನು ಕೊಟ್ಟ, ವಿಶ್ವಕರ್ಮನು ಕಟ್ಟಿದ ಊರು ಎಂಬಲ್ಲಿಗೆ ಅದು ಮುಗಿಯುತ್ತದೆ. ನಮ್ಮ ಶಾಸನಗಳ ಪ್ರಶಸ್ತಿ ಭಾಗವನ್ನು ಓದಿದವರಿಗೆ ಆ ಉಸಿರು ಕಟ್ಟುವ ಸಮಾಸ ಹೊಸದಲ್ಲ.

ಹೊರಡುವ ದಿನ ಟ್ಯಾಕ್ಸಿ ಹತ್ತಿ, ಎರಡು ದಿನ ಅಭ್ಯಾಸ ಮಾಡಿದ್ದ ಧಾಟಿಯಲ್ಲಿ "ಸುವನ್ನಪೂಮ್" ಎಂದೆ. ಚಾಲಕ ಒಂದೇ ಸಲಕ್ಕೆ ತಲೆಯಾಡಿಸಿದ. ಹತ್ತು ನಿಮಿಷವೂ ಕಳೆದಿರಲಿಲ್ಲ, ಮುಂದೆ ಕೆಂಪು ದೀಪಗಳ ಸಾಲು ಕಂಡಿತು, ಕಾರು ನಿಂತಿತು. ಅವನು ಕನ್ನಡಿಯಲ್ಲಿ ನನ್ನ ಮುಖ ನೋಡಿ, ಕ್ಷಮೆ ಕೇಳುವವನಂತೆ "ರೊತ್ ತಿತ್" ಎಂದ. ತಿತ್ ಎಂದರೆ ಸಿಕ್ಕಿಕೊಳ್ಳುವುದು. ರೊತ್ ಎಂದರೆ ವಾಹನ; ಬರೆಯುವಾಗ ಅದು ರಥ.